ಗೆರೆಯಮ್ಮನ ಎರಡನೇ ಅತ್ತೆ

ಗೆರೆಯಮ್ಮನಿಗೆ ಇಬ್ಬರು ಅತ್ತೆಯರು. ಮೊದಲನೆಯವಳು ಮದುವೆಯ ಜೊತೆಗೇ ಬಂದಳು. ಎರಡನೆಯವಳು ಗಂಡ ಸತ್ತ ಮೇಲೆ ಬಂದಳು. ಮೊದಲನೆಯವಳ ಜೊತೆ ಏಗಿ ಗೊತ್ತಿದ್ದರಿಂದಲೇ ಎರಡನೆಯವಳ ಕೈಯಿಂದ ತಪ್ಪಿಸಿಕೊಂಡಳು.

ಅವಳ ಹೆಸರೇನೂ ಗೆರೆಯಮ್ಮ ಅಲ್ಲ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಇಸ್ತ್ರಿ ಅಂಗಡಿ ಇಟ್ಟಿದ್ದಳು. ಅವಳು ಇಸ್ತ್ರಿ ಮಾಡಿದ ಪ್ಯಾಂಟಿನ ಗೆರೆಯ ಮೇಲೆ ಕೈ ಆಡಿಸಿದರೆ ಬೆರಳು ಕುಯ್ದೀತು ಎಂದು ಪಕ್ಕದ ಅಂಗಡಿಯ ದರ್ಜಿ ಒಮ್ಮೆ ಹೇಳಿದ. ಅಂದಿನಿಂದ ಗೆರೆಯಮ್ಮ. ಗುಮಾಸ್ತರಿಗೆ, ಡ್ರೈವರುಗಳಿಗೆ, ಹೋಟೆಲಿನ ಮಾಣಿಗಳಿಗೆ, ಎಲ್ಲರಿಗೂ ಗೆರೆಯಮ್ಮ. ಗಂಡನಿಗೆ ಮಾತ್ರ 'ಏಯ್'.

ಅಂಗಡಿ ಎಂದರೆ ತಗಡಿನ ಗೂಡು. ಒಂದು ಮೇಜು, ಅದರ ಮೇಲೆ ಮಡಚಿ ಹಾಸಿದ ಕಂಬಳಿ, ಕಂಬಳಿಯ ಮೇಲೆ ಬಿಳಿ ಬಟ್ಟೆ. ಬಲಗಡೆ ಇದ್ದಿಲ ಡಬ್ಬ, ಎಡಗಡೆ ನೀರಿನ ಬಟ್ಟಲು. ಇಸ್ತ್ರಿ ಪೆಟ್ಟಿಗೆ ಹಿತ್ತಾಳೆಯದು, ಒಳಗೆ ಕೆಂಡ ತುಂಬುವಂಥದು, ಅತ್ತೆಯ ಕಾಲದ್ದು. ಅದನ್ನು ಎತ್ತುವುದಕ್ಕೆ ತೋಳು ಬೇಕು. ಗಂಡನಿಗೆ ಸೊಂಟ ನೋವು. ಹಾಗಾಗಿ ಪೆಟ್ಟಿಗೆ ಅವಳದು, ನೀರು ಅವನದು. ಅವನು ಎಡಗಡೆ ನಿಂತು, ಬೆರಳು ಅದ್ದಿ ಬಟ್ಟೆಯ ಮೇಲೆ ನೀರು ಚಿಮುಕಿಸುವುದು. ಅವಳು ಅದರ ಹಿಂದೆಯೇ ಪೆಟ್ಟಿಗೆ ಎಳೆಯುವುದು. ಚುಂಯ್ ಎನ್ನುತ್ತಿತ್ತು. ಬೆಳಗಿನಿಂದ ಸಂಜೆಯವರೆಗೆ ಗಂಡ ಹೆಂಡಿರ ನಡುವೆ ಆ ಚುಂಯ್ ಒಂದೇ ಮಾತು. ನೀರು ಜಾಸ್ತಿಯಾದರೆ "ಮಳೆ ಸಾಕು" ಎನ್ನುತ್ತಿದ್ದಳು. ಕಡಿಮೆಯಾದರೆ ಏನೂ ಹೇಳದೆ ಪೆಟ್ಟಿಗೆ ಎತ್ತಿ ಹಿಡಿದು ನಿಲ್ಲುತ್ತಿದ್ದಳು. ಅವನಿಗೆ ಅರ್ಥವಾಗುತ್ತಿತ್ತು.

ಒಂದು ಬೆಳಿಗ್ಗೆ ಕೆಂಡ ಊದುತ್ತ ಕೂತವನು ಹಾಗೇ ಪಕ್ಕಕ್ಕೆ ವಾಲಿದ. ಎದೆನೋವು. ಆಸ್ಪತ್ರೆಯ ದಾರಿಯಲ್ಲೇ ಎಲ್ಲ ಮುಗಿಯಿತು.

ಗೆರೆಯಮ್ಮ ಅಳಲಿಲ್ಲ. ಮಗ ಅತ್ತ, ಸೊಸೆ ಅತ್ತಳು, ದರ್ಜಿ ತನ್ನ ಅಳತೆ ಪಟ್ಟಿಯಲ್ಲೇ ಮೂಗು ಒರೆಸಿಕೊಂಡ. ಅವಳು ಬಂದವರಿಗೆಲ್ಲ ಕುರ್ಚಿ ಹಾಕಿದಳು. ಹೋಟೆಲಿನವರ ಸಮವಸ್ತ್ರದ ಗಂಟು ಎಲ್ಲಿದೆ ಎಂದು ಕೇಳಿದಳು. ಮಾರನೇ ದಿನ ಕೊಡಬೇಕಾಗಿದ್ದ ಬಟ್ಟೆ ಅದು. ಗಟ್ಟಿಗಿತ್ತಿ ಎಂದರು ಜನ. ಹಾಗೆ ಎನ್ನಿಸಿಕೊಂಡ ಮೇಲೆ ಅಳುವುದಾದರೂ ಹೇಗೆ? ಬಿರುದು ಕೊಟ್ಟು ಬಾಯಿ ಕಟ್ಟಿದ ಹಾಗಾಯಿತು.

ಒಂದೇಟಿಗೆ ಬೀಳುವವಳಲ್ಲ ಅವಳು. ಆದರೆ ಏಟು ಒಂದೇ ಇರಲಿಲ್ಲ. ರಸ್ತೆ ಅಗಲ ಮಾಡುತ್ತೇವೆಂದು ಗೂಡಂಗಡಿಗಳನ್ನೆಲ್ಲ ಎತ್ತಿ ಮಾರುಕಟ್ಟೆಯ ಹಿಂದಿನ ಓಣಿಗೆ ಹಾಕಿದರು. ಅಂಗಡಿಯ ಬೆನ್ನಿಗೇ ಇದ್ದ ಒಂಟಿ ಕೋಣೆ, ಅವಳು ಸಂಸಾರ ಮಾಡಿದ ಕೋಣೆ, ಅದೂ ಹೋಯಿತು. ಮಗನ ಮನೆಗೆ ಬಂದಳು. ಮೂರನೇ ಮಹಡಿ. ಗಾಯದ ಮೇಲೆ ಬರೆ ಎಳೆದ ಹಾಗೆ ಅಲ್ಲಿನ ಮೆಟ್ಟಿಲಲ್ಲಿ ಜಾರಿ ಬಲಗೈ ಮಣಿಕಟ್ಟು ಮುರಿದುಕೊಂಡಳು. ಗಂಡ, ಗೂಡು, ಕೈ. ವರ್ಷ ತುಂಬುವುದರೊಳಗೆ ಮೂರೂ ಹೋದವು.

ಕೈ ಕೂಡಿಕೊಂಡಿತು. ಪಟ್ಟಿ ಬಿಚ್ಚಿದವರು ಬೆರಳು ಮಡಚಿಸಿ ನೋಡಿ, ಇನ್ನು ಕೆಲಸ ಮಾಡಬಹುದು ಎಂದರು. ಗೆರೆಯಮ್ಮ ಮನೆಗೆ ಬಂದು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಳು. ಕೂತವಳು ಏಳಲಿಲ್ಲ.

ಬೆಳಕು ಹರಿಯುವ ಮೊದಲೇ ಎಚ್ಚರವಾಗುತ್ತಿತ್ತು, ಆದರೆ ಮೈ ಮೇಲೇಳುತ್ತಿರಲಿಲ್ಲ. ತಟ್ಟೆಯಲ್ಲಿ ಹಾಕಿದ್ದರಲ್ಲಿ ಅರ್ಧ ಉಳಿಯುತ್ತಿತ್ತು. ತಲೆ ಬಾಚಿಕೊಳ್ಳುವುದೂ ಬೆಟ್ಟ ಹತ್ತಿದಷ್ಟು ಕೆಲಸ. ಮೈಕೈ ನೋವು, ಹೊಟ್ಟೆಯಲ್ಲಿ ಕಲ್ಲು ಇಟ್ಟ ಹಾಗೆ. ಏನಾಯಿತು ಎಂದರೆ ಸುಸ್ತು ಎನ್ನುತ್ತಿದ್ದಳು. ದುಃಖ ಎಂದು ಒಂದು ದಿನವೂ ಹೇಳಲಿಲ್ಲ. ಅವಳಿಗೆ ದುಃಖ ಆಗುತ್ತಿರಲಿಲ್ಲ. ಏನೂ ಆಗುತ್ತಿರಲಿಲ್ಲ.

ಮಗ ಲಾರಿ ಓಡಿಸುವವನು. ವಾರಕ್ಕೊಮ್ಮೆ ಮನೆ ಕಾಣುವವನು. ವಯಸ್ಸಾಯಿತಲ್ಲ, ಎಷ್ಟು ದುಡಿದಿದ್ದಾಳೆ, ಕೂತಿರಲಿ ಬಿಡು ಎಂದ. ಒಳ್ಳೆಯ ಮಾತೇ. ಒಳ್ಳೆಯ ಮಾತಿನ ಅಡಿಯಲ್ಲೂ ಜನ ಮುಳುಗುತ್ತಾರೆ.

ಒಂದು ದಿನ ದರ್ಜಿ ನೋಡಲು ಬಂದಿದ್ದ. ಗೆರೆಯಮ್ಮ ಮಂಚದ ಕೆಳಗಿನಿಂದ ಇಸ್ತ್ರಿ ಪೆಟ್ಟಿಗೆ ಎಳೆದು, ತಗೊಂಡು ಹೋಗು ಎಂದಳು. ಅವನು ತಮಾಷೆ ಎಂದುಕೊಂಡ. ಅವಳು ತಮಾಷೆ ಮಾಡುತ್ತಿರಲಿಲ್ಲ. ಆಮೇಲೆ ದಪ್ಪ ಶಾಲು ಕೆಳಗಿನ ಮನೆಯ ಅಜ್ಜಿಗೆ ಹೋಯಿತು. ಹೊಸ ಚಪ್ಪಲಿ ಗುಡಿಸುವವಳಿಗೆ ಹೋಯಿತು. ಗೆರೆಯಮ್ಮನ ಕೈ ದೊಡ್ಡದು ಎಂದು ಎಲ್ಲರೂ ಹೊಗಳಿದರು.

ಸೊಸೆ ಹೊಗಳಲಿಲ್ಲ. ಅವಳು ಸಿಟಿ ಬಸ್ಸಿನ ಕಂಡಕ್ಟರ್. ಜನರ ಕೈ ನೋಡಿಯೇ ಮನಸ್ಸು ತಿಳಿಯುವವಳು. ಮಗ ಲಾರಿ ನಿಲ್ಲಿಸಿ ಮನೆಗೆ ಬಂದ ದಿನ ಅವನನ್ನು ಮೆಟ್ಟಿಲಲ್ಲೇ ತಡೆದಳು.

"ಸ್ಟಾಪು ಬರೋ ಮುಂಚೆ ಜನ ಏನು ಮಾಡ್ತಾರೆ ಗೊತ್ತಾ? ಚೀಲ ಎತ್ತಿ ತೊಡೆ ಮೇಲಿಟ್ಕೋತಾರೆ. ಪಕ್ಕದವರಿಗೆ ಸೀಟು ಬಿಟ್ಕೊಡ್ತಾರೆ. ನಾನು ದಿನಾ ನೋಡ್ತೀನಿ. ಅತ್ತೆ ಇಳಿಯೋಕೆ ರೆಡಿ ಆಗ್ತಿದಾರೆ ಕಣ್ರೀ. ನಾನು ಇಳಿಸಲ್ಲ."

ಮಾರನೇ ದಿನವೇ ಸೊಸೆ ರಜೆ ಹಾಕಿ ಅತ್ತೆಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಹೊಟ್ಟೆ ತೋರಿಸಲು ಎಂದು ಹೇಳಿದ್ದಳು. ಹೊಟ್ಟೆಯ ಡಾಕ್ಟರು ಹೊಟ್ಟೆ ಒತ್ತಿ ನೋಡಿ, ರಕ್ತ ಪರೀಕ್ಷೆ ಮಾಡಿಸಿ, ಇದು ನನ್ನ ಬಾಗಿಲಲ್ಲ ಎಂದು ಮೇಲಿನ ಮಹಡಿಗೆ ಕಳಿಸಿದರು.

ಮೇಲೆ ಇದ್ದದ್ದು ಮನಸ್ಸಿನ ಡಾಕ್ಟರಮ್ಮ. ಗೆರೆಯಮ್ಮ ಮೊದಲು ನೋಡಿದ್ದು ಅವಳ ಬಿಳಿ ಕೋಟನ್ನು. ಕಾಲರಿನ ಹತ್ತಿರ ಸುಕ್ಕು. ಡಾಕ್ಟರಮ್ಮ ಅವಸರ ಮಾಡಲಿಲ್ಲ. ನಿದ್ದೆ ಕೇಳಿದಳು, ಊಟ ಕೇಳಿದಳು, ಯಾರು ಹೋದರು, ಏನು ಹೋಯಿತು ಎಲ್ಲ ಕೇಳಿದಳು. ಆಮೇಲೆ ಸುತ್ತಿ ಬಳಸದೆ ಕೇಳಿದಳು.

"ಬದುಕಿರೋದು ಬೇಡ ಅನ್ಸುತ್ತಾ?"

"ಬೆಳಿಗ್ಗೆ ಕಣ್ಣೇ ಬಿಡದಿದ್ರೆ ಒಳ್ಳೇದು ಅನ್ಸುತ್ತೆ."

"ನೀವೇ ಏನಾದ್ರೂ ಮಾಡ್ಕೋಬೇಕು ಅಂತ?"

"ಅದಕ್ಕೂ ಕುರ್ಚಿ ಬಿಟ್ಟು ಏಳಬೇಕಲ್ಲ" ಎಂದಳು ಗೆರೆಯಮ್ಮ.

ಸೊಸೆ ಮುಖ ಆಚೆ ತಿರುಗಿಸಿದಳು. ಡಾಕ್ಟರಮ್ಮ ತಿರುಗಿಸಲಿಲ್ಲ. ಹೇಳಿದ್ದು ಒಳ್ಳೆಯದಾಯಿತು, ಹಾಗೆ ಜಾಸ್ತಿ ಅನ್ನಿಸಿದ ದಿನ ತಕ್ಷಣ ಬರಬೇಕು, ಸ್ವಲ್ಪ ದಿನ ಮನೆಯಲ್ಲಿ ಒಬ್ಬರೇ ಇರಬಾರದು ಎಂದಳು. ಆಮೇಲೆ ಕಾಯಿಲೆಯ ಹೆಸರು ಹೇಳಿದಳು.

"ಇದು ಖಿನ್ನತೆ, ಅಮ್ಮಾ."

ಗೆರೆಯಮ್ಮನ ಎಡಗಿವಿ ಸ್ವಲ್ಪ ಮಂದ. ಆ ಪದವನ್ನು ಅವಳು ಹುಟ್ಟಿದಾಗಿನಿಂದ ಕೇಳಿದವಳೂ ಅಲ್ಲ. ಅವಳಿಗೆ ಕೇಳಿಸಿದ್ದು, "ಇದು ನಿನ್ನತ್ತೆ, ಅಮ್ಮಾ."

ಇಷ್ಟು ಹೊತ್ತು ನೀವು ತಾವು ಎನ್ನುತ್ತಿದ್ದವಳು ಇದ್ದಕ್ಕಿದ್ದ ಹಾಗೆ 'ನಿನ್ನ' ಎಂದಳಲ್ಲ ಎಂದು ಮೊದಲು ಅನ್ನಿಸಿತು. ಆಮೇಲೆ ಮಾತು ತಲೆಗೆ ಹೋಯಿತು.

"ನನ್ನತ್ತೆನಾ? ಅವಳು ಸತ್ತು ಯಾವ ಕಾಲ ಆಯ್ತು."

ಡಾಕ್ಟರಮ್ಮನಿಗೆ ತಿಳಿಯಲಿಲ್ಲ. ಖಿನ್ನತೆ, ಖಿನ್ನತೆ ಎಂದು ಎರಡು ಸಲ ಬಿಡಿಸಿ ಹೇಳಿದಳು. "ನಿನ್ನತ್ತೆ ನಿನ್ನತ್ತೆ ಅಂತೀಯಲ್ಲ ತಾಯಿ, ಸತ್ತವಳು ಹೇಗೆ ಬರ್ತಾಳೆ" ಎಂದಳು ಗೆರೆಯಮ್ಮ. ಸೊಸೆಗೆ ಮೊದಲು ಹೊಳೆಯಿತು. ಬಾಯಿಗೆ ಕೈ ಅಡ್ಡ ಹಿಡಿದರೂ ನಗು ತಡೆಯಲಿಲ್ಲ. ಆಮೇಲೆ ಡಾಕ್ಟರಮ್ಮನೂ ನಕ್ಕಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಗೆರೆಯಮ್ಮ ಇಬ್ಬರನ್ನೂ ನೋಡಿ ತುಟಿಯ ಒಂದು ತುದಿ ಮಾತ್ರ ಎಳೆದಳು. ಆದರೆ ಎಳೆದಳು. ಸೊಸೆ ಅದನ್ನು ನೋಡಿದಳು.

ಡಾಕ್ಟರಮ್ಮ ಬುದ್ಧಿವಂತೆ. ಆ ಪದವನ್ನು ತಿದ್ದಲು ಹೋಗಲಿಲ್ಲ.

"ಆಯ್ತು, ಅತ್ತೆ ಅಂತಲೇ ಅಂದ್ಕೊಳ್ಳಿ. ನಿಮ್ಮ ಮನೆಗೆ ಒಬ್ಬಳು ಅತ್ತೆ ಬಂದು ಕೂತಿದಾಳೆ. ಏಳ್ಬೇಡ ಅಂತಾಳೆ, ಉಣ್ಬೇಡ ಅಂತಾಳೆ, ನಿನ್ನಿಂದ ಯಾರಿಗೇನು ಪ್ರಯೋಜನ ಅಂತಾಳೆ. ಅದು ನೀವು ಹೇಳ್ತಿರೋದಲ್ಲ. ಅವಳು ಹೇಳ್ತಿರೋದು. ವಯಸ್ಸಾಯ್ತು ಅಂತ ಬಂದಿರೋದೂ ಅಲ್ಲ. ಇದು ಕಾಯಿಲೆ. ಇದಕ್ಕೆ ಔಷಧ ಇದೆ."

ಮನೆಗೆ ಹೋಗುವ ಬಸ್ಸಿನಲ್ಲಿ ಗೆರೆಯಮ್ಮ ದಾರಿಯುದ್ದಕ್ಕೂ ಮೊದಲನೇ ಅತ್ತೆಯನ್ನು ನೆನೆದಳು.

ಆ ಅತ್ತೆ ಸಾಮಾನ್ಯದವಳಲ್ಲ. ಸೊಸೆಯಾಗಿ ಬಂದ ಗೆರೆಯಮ್ಮ ಪೆಟ್ಟಿಗೆ ಹಿಡಿದ ದಿನವೇ, "ನೀನೆದ್ದು ಏನು ಕಡಿದು ಕಟ್ಟೆ ಹಾಕ್ಬೇಕು, ಕೂತ್ಕೋ" ಎಂದವಳು. ಹೊಗೆ ಹೆಚ್ಚಾದರೆ ಸೊಸೆ, ಇದ್ದಿಲು ಹಸಿಯಾದರೆ ಸೊಸೆ, ಗಿರಾಕಿ ಬಾರದಿದ್ದರೆ ಸೊಸೆಯ ಕಾಲ್ಗುಣ. ಗೆರೆಯಮ್ಮ ಮೊದಮೊದಲು ಜಗಳವಾಡಿದಳು. ಜಗಳದಲ್ಲಿ ಅತ್ತೆಯೇ ಗೆದ್ದಳು. ಮಾತು ಕೇಳಿಕೊಂಡು ಕೂತು ನೋಡಿದಳು. ಆಗಲೂ ಅತ್ತೆಯೇ ಗೆದ್ದಳು. ಕೊನೆಗೆ ಒಂದು ಉಪಾಯ ಸಿಕ್ಕಿತು. ಅತ್ತೆ ಏನು ಹೇಳಿದರೂ "ಹೂಂ ಅತ್ತೆ" ಎನ್ನುವುದು. ಹೂಂ ಎಂದು ತನ್ನ ಕೆಲಸ ತಾನು ಮಾಡುವುದು. ಒಪ್ಪಿಸಬೇಕಾಗಿಲ್ಲ, ಸೋಲಿಸಬೇಕಾಗಿಲ್ಲ. ಆ ಹೂಂ ಒಂದರಿಂದಲೇ ಅತ್ತೆ ಬದುಕಿರುವಷ್ಟು ಕಾಲ ಬಾಳಿದಳು, ಕೊನೆಗೆ ಅತ್ತೆಯ ಪೆಟ್ಟಿಗೆಯೂ ಅವಳ ಕೈಗೇ ಬಂತು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ.

ಮಾರನೇ ಬೆಳಿಗ್ಗೆ ಎಚ್ಚರವಾದಾಗ ಒಳಗಿನವಳು ಎಂದಿನಂತೆ ಶುರು ಮಾಡಿದಳು. ನೀನೆದ್ದು ಏನು ಕಡಿದು ಕಟ್ಟೆ ಹಾಕ್ಬೇಕು. ಅದೇ ಮಾತು. ಇಷ್ಟು ದಿನ ಗೆರೆಯಮ್ಮ ಅದನ್ನು ತನ್ನದೇ ಮಾತು ಎಂದುಕೊಂಡಿದ್ದಳು. ಈಗ ಕಿವಿಗೊಟ್ಟು ಕೇಳಿದರೆ ದನಿ ಕೂಡ ಅದೇ.

"ಹೂಂ ಅತ್ತೆ" ಎಂದಳು. ಎದ್ದು ಹೋಗಿ ಮುಖ ತೊಳೆದಳು.

ಅಷ್ಟಕ್ಕೇ ಎಲ್ಲ ಸರಿಹೋಯಿತು ಎಂದರೆ ಸುಳ್ಳಾದೀತು. ಮುಖ ತೊಳೆದು ಬಂದು ಮತ್ತೆ ಕುರ್ಚಿಯಲ್ಲೇ ಕೂತಳು. ಸೊಸೆ ಬಸ್ಸಿಗೆ ಹೋದಾಗ ಕೆಳಗಿನ ಮನೆಯ ಅಜ್ಜಿ ಜೊತೆಗೆ ಬಂದು ಕೂರುತ್ತಿದ್ದಳು. ಮಾತ್ರೆ ತಗೊಂಡರೆ ಹೊಟ್ಟೆ ತೊಳಸುತ್ತಿತ್ತು, ಬಾಯಿ ಒಣಗುತ್ತಿತ್ತು, ಒಳಗೆ ಮಾತ್ರ ಏನೂ ಬದಲಾಗಲಿಲ್ಲ. ದರ್ಜಿ ಬಂದವನು, ತಲೆಯ ಮಾತ್ರೆ ಅಂದರೆ ಚಟ ಹತ್ತುತ್ತೆ ಅಕ್ಕಾ, ನನ್ನ ಭಾವನ ಅಣ್ಣನಿಗೆ ಹೀಗೇ ಆಗಿತ್ತು ಎಂದು ಹೇಳಿ ಟೀ ಕುಡಿದು ಹೋದ. ಗೆರೆಯಮ್ಮ ಮಾತ್ರೆಗಳನ್ನು ಕಿಟಕಿಯ ಹೂವಿನ ಕುಂಡದಲ್ಲಿ ಹೂಳತೊಡಗಿದಳು. ಒಂದು ದಿನ ಸೊಸೆ ಕುಂಡಕ್ಕೆ ನೀರು ಹಾಕುವಾಗ ಮಣ್ಣಿನಿಂದ ಬಿಳಿ ಗುಳಿಗೆ ಮೇಲೆದ್ದು ಬಂತು. ಅದನ್ನು ಅಂಗೈಯಲ್ಲಿಟ್ಟುಕೊಂಡು ಅತ್ತೆಯ ಮುಂದೆ ನಿಂತಳು.

"ಗಿಡ ಗೆಲುವಾಗಿದೆ ಅತ್ತೆ. ನೀವು ಯಾವಾಗ ಆಗ್ತೀರಾ?"

ಗೆರೆಯಮ್ಮನಿಗೆ ನಾಚಿಕೆಯಾಯಿತು, ಸಿಟ್ಟೂ ಬಂತು. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎನ್ನುವ ಹಾಗೆ ಸೊಸೆಯ ಮೇಲೆ ಹರಿಹಾಯ್ದಳು. ನಿನ್ನ ಬಸ್ಸಿನವರ ಹಾಗೆ ನನಗೂ ಚೀಟಿ ಹರಿಯಬೇಡ ಎಂದಳು. ಅತ್ತೆ ಬೈಯುವಷ್ಟು ದನಿ ಎತ್ತಿದ್ದು ಎಷ್ಟೋ ತಿಂಗಳ ಮೇಲೆ. ಅದನ್ನು ಕೇಳಿ ಸೊಸೆಗೆ ಒಳಗೊಳಗೇ ಖುಷಿ.

ಮತ್ತೆ ಡಾಕ್ಟರಮ್ಮನ ಹತ್ತಿರ ಹೋದರು. ಹೊಟ್ಟೆ ತೊಳಸುವುದು ಮೊದಲಿಗೆ ಸಹಜ, ಊಟದ ಮೇಲೆ ತಗೊಳ್ಳಿ, ಇದು ಚಟ ಹತ್ತುವ ಮಾತ್ರೆ ಅಲ್ಲ, ಆದರೆ ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬೇಡಿ ಎಂದಳು. ಈ ವಯಸ್ಸಿನವರಿಗೆ ಸಣ್ಣದಾಗಿ ಶುರು ಮಾಡುತ್ತೇವೆ, ಗುಣ ಕಾಣಲು ವಾರಗಟ್ಟಲೆ ಬೇಕು ಎಂದಳು. ಗೆರೆಯಮ್ಮ ತಲೆಯಾಡಿಸಿದಳು. ಕೆಂಡ ತುಂಬಿದ ಕೂಡಲೇ ಯಾವ ಪೆಟ್ಟಿಗೆಯೂ ಕಾಯುವುದಿಲ್ಲ, ಅಷ್ಟು ಅವಳಿಗೂ ಗೊತ್ತು.

ಮಾತ್ರೆಯ ಜೊತೆ ಮಾತೂ ಇತ್ತು. ವಾರಕ್ಕೊಮ್ಮೆ ಹೋಗಿ ಕೂರುವುದು. ಅತ್ತೆ ಈ ವಾರ ಏನಂದಳು ಎಂದು ಡಾಕ್ಟರಮ್ಮ ಕೇಳುವಳು. ಗೆರೆಯಮ್ಮ ಹೇಳುವಳು. ಗಂಡನ ಸುದ್ದಿ ಬಂದಾಗ ಮಾತ್ರ ಬಾಯಿ ಕಟ್ಟುತ್ತಿತ್ತು. ದಿನಕ್ಕೊಂದು ಸಣ್ಣ ಕೆಲಸ, ಮನಸ್ಸು ಬಂದರೂ ಬಾರದಿದ್ದರೂ ಎಂದು ಡಾಕ್ಟರಮ್ಮ ಗೊತ್ತು ಮಾಡಿದಳು. ಮನಸ್ಸು ಬರಲಿ ಎಂದು ಕಾಯಬೇಡಿ, ಕೈ ಮೊದಲು ಹೋಗಲಿ, ಮನಸ್ಸು ಹಿಂದಿನಿಂದ ಬರುತ್ತೆ ಎಂದಳು.

ಮೊದಲ ಕೆಲಸ ಒಂದು ಕರವಸ್ತ್ರ. ಸೊಸೆಯ ಕರೆಂಟ್ ಇಸ್ತ್ರಿ ಪೆಟ್ಟಿಗೆಯಲ್ಲಿ. ಕರವಸ್ತ್ರ ಮುಗಿಸಿ ಆ ಪೆಟ್ಟಿಗೆಯನ್ನು ಕೈಯಲ್ಲಿ ತೂಗಿ ನೋಡಿದಳು. ಇದೇನು ಪೆಟ್ಟಿಗೆಯೋ, ಕೋಳಿ ಪುಕ್ಕವೋ ಎಂದಳು. ದಿನ ಕಳೆದಂತೆ ಕರವಸ್ತ್ರ ಹೋಗಿ ಸೊಸೆಯ ಸಮವಸ್ತ್ರದ ಶರ್ಟಾಯಿತು. ಬಸ್ಸಿನಲ್ಲಿ ಆ ಶರ್ಟು ನೋಡಿ, ಯಾರಮ್ಮಾ ಇಸ್ತ್ರಿ ಮಾಡಿದ್ದು ಎಂದು ಇಬ್ಬರು ಕೇಳಿದರಂತೆ. ಸೊಸೆ ಅದನ್ನು ಮನೆಗೆ ಬಂದು ಹೇಳಿದಳು. ಆ ರಾತ್ರಿ ತಟ್ಟೆಯಲ್ಲಿ ಏನೂ ಉಳಿಯಲಿಲ್ಲ.

ನಿದ್ದೆ ಬಂತು. ಹೊಟ್ಟೆಯ ಕಲ್ಲು ಕರಗಿತು, ಯಾವ ದಿನ ಎಂದು ಹೇಳಲು ಬಾರದ ಹಾಗೆ. ಒಳಗಿನ ಅತ್ತೆಯ ದನಿ ನಡುಮನೆಯಿಂದ ಜಗಲಿಗೆ ಹೋಯಿತು. ಒಂದು ಬೆಳಿಗ್ಗೆ ಗೆರೆಯಮ್ಮ ತಾನೇ ತಲೆ ಬಾಚಿಕೊಂಡು, ಮೂರೂ ಮಹಡಿ ಇಳಿದು, ಮಾರುಕಟ್ಟೆಯ ಹಿಂದಿನ ಓಣಿಗೆ ನಡೆದಳು.

ಅವಳ ಗೂಡು ಬೀಗ ಹಾಕಿಕೊಂಡು ಹಾಗೇ ನಿಂತಿತ್ತು. ಪಕ್ಕದಲ್ಲಿ ದರ್ಜಿಯ ಗೂಡು. ಗಾಳಿಗೆ ಬಡಿದುಕೊಳ್ಳದ ಹಾಗೆ ಅವನ ಬಾಗಿಲಿಗೆ ಏನೋ ಒತ್ತು ಕೊಟ್ಟಿದ್ದ. ಹತ್ತಿರ ಹೋಗಿ ನೋಡಿದಳು. ಅವಳ ಪೆಟ್ಟಿಗೆ. ಹಿತ್ತಾಳೆ ಕಪ್ಪಾಗಿ, ಒಳಗೆ ಬೂದಿಯ ಬದಲು ದಾರದ ಉಂಡೆಗಳು.

"ಇದನ್ನ ಬಾಗಿಲಿಗೆ ಇಟ್ಟಿದೀಯೇನೋ?"

ದರ್ಜಿ ಹೊಲಿಗೆ ನಿಲ್ಲಿಸಿ ತಲೆ ಎತ್ತಿದ. "ನೀವೇ ಕೊಟ್ರಲ್ಲ ಅಕ್ಕಾ."

"ಕೊಟ್ಟಿದ್ದು ನಾನಲ್ಲ. ನನ್ನತ್ತೆ."

ದರ್ಜಿಗೆ ಏನೂ ಅರ್ಥವಾಗಲಿಲ್ಲ. ಅರ್ಥವಾಗದಿದ್ದರೂ ಎದ್ದು, ದಾರದ ಉಂಡೆ ತೆಗೆದು, ಪೆಟ್ಟಿಗೆ ಒರೆಸಿ ಕೊಟ್ಟ. ನನ್ನ ಬಾಗಿಲಿಗೆ ಇನ್ನು ಗತಿ ಏನು ಎಂದ. ನಿನ್ನ ಭಾವನ ಅಣ್ಣನನ್ನು ತಂದು ನಿಲ್ಲಿಸು ಎಂದಳು ಗೆರೆಯಮ್ಮ. ಅವನು ನಕ್ಕು, ತಾನು ಹೊಲಿದು ಮುಗಿಸಿದ್ದ ಒಂದು ಬಿಳಿ ಶರ್ಟನ್ನು ಅವಳ ತೋಳಿನ ಮೇಲೆ ಹಾಕಿದ. ಸಂಜೆಗೆ ಕೊಡಬೇಕು ಅಕ್ಕಾ, ನೀವೇ ಮಾಡಿ ಎಂದ.

ಬೀಗ ತೆಗೆದಳು, ಧೂಳು ಕೊಡವಿದಳು, ಕಂಬಳಿ ಹಾಸಿದಳು. ಇದ್ದಿಲು ಹೊತ್ತಿಸಿ ಊದಿದಳು. ಅವನು ಕೂತು ಊದುತ್ತಿದ್ದ ಹಾಗೆಯೇ ಕೂತು ಊದಿದಳು. ಎಡಗಡೆ ಬಟ್ಟಲಿಗೆ ನೀರು ತುಂಬಿ ಇಟ್ಟಳು. ಶರ್ಟು ಹರಡಿದಳು. ಪೆಟ್ಟಿಗೆ ಕಾಯಿತು. ಎತ್ತಿದಳು. ಮಣಿಕಟ್ಟು ತಡೆದುಕೊಂಡಿತು. ಎತ್ತಿ ಹಿಡಿದು ನಿಂತಳು.

ನಿಂತೇ ಇದ್ದಳು. ತಾನು ಯಾಕೆ ನಿಂತಿದ್ದೇನೆ ಎಂದು ಅವಳಿಗೆ ಮೊದಲು ತಿಳಿಯಲಿಲ್ಲ. ಆಮೇಲೆ ತಿಳಿಯಿತು. ನೀರಿಗೆ ಕಾಯುತ್ತಿದ್ದಳು. ಎಡಗಡೆ ಯಾರೂ ಇರಲಿಲ್ಲ.

ಮೊದಲ ಹನಿ ಕಾಲರಿನ ಮೇಲೆ ಬಿತ್ತು. ಎರಡನೆಯದು ಜೇಬಿನ ಮೇಲೆ. ಗೆರೆಯಮ್ಮ ಪೆಟ್ಟಿಗೆ ಎಳೆದಳು. ಚುಂಯ್ ಎಂದಿತು. ಆ ಸದ್ದು ಕೇಳಿದ್ದೇ ತಡ, ಅಣೆಕಟ್ಟು ಒಡೆಯಿತು. ಅಳುತ್ತ ಎಳೆದಳು, ಎಳೆಯುತ್ತ ಅತ್ತಳು. ತೋಳು, ಬೆನ್ನು, ಮುಂಭಾಗ, ಯಾವುದಕ್ಕೂ ಬಟ್ಟಲಿನ ನೀರು ಬೇಕಾಗಲಿಲ್ಲ. ದರ್ಜಿ ಒಮ್ಮೆ ಇಣುಕಿ ನೋಡಿ, ತಲೆ ಒಳಗೆಳೆದುಕೊಂಡು, ಹೊಲಿಗೆ ಯಂತ್ರ ಜೋರಾಗಿ ತುಳಿದ. ಅಳುವವರಿಗೆ ಅಷ್ಟು ಸದ್ದು ಮರೆ.

ಸರದಿ ಮುಗಿಸಿದ ಸೊಸೆ, ಮನೆಯಲ್ಲಿ ಅತ್ತೆ ಕಾಣದೆ, ಟಿಕೆಟ್ ಚೀಲ ಹೆಗಲಲ್ಲೇ ಇಟ್ಟುಕೊಂಡು ಓಡಿ ಬಂದಳು. ಗೂಡಿನ ಬಾಗಿಲು ತೆರೆದಿತ್ತು. ಮುಖ ಕೆಂಪಗೆ, ಕಣ್ಣು ಊದಿಕೊಂಡು, ಪೆಟ್ಟಿಗೆ ಹಿಡಿದು ನಿಂತ ಅತ್ತೆಯನ್ನು ನೋಡಿ ಬಾಗಿಲಿನಿಂದಲೇ ಕೂಗಿದಳು.

"ಏನಾಯ್ತು?"

"ಅತ್ತೆ" ಎಂದಳು ಗೆರೆಯಮ್ಮ.

"ಮತ್ತೆ ಬಂದ್ಲಾ ಅವಳು?"

"ಅವಳಲ್ಲ ಕಣೇ. ನಾನು. ನಾನು ಅತ್ತೆ."

ಸೊಸೆಗೆ ಅರ್ಥವಾಯಿತು. ಟಿಕೆಟ್ ಚೀಲ ಮೊಳೆಗೆ ನೇತುಹಾಕಿ, ಮೇಜಿನ ಎಡಗಡೆಗೆ ಬಂದಳು. ಅತ್ತೆ ಸತ್ತ ಆರು ತಿಂಗಳಿಗೆ ಸೊಸೆ ಕಣ್ಣಲ್ಲಿ ನೀರು ಅಂತಾರೆ, ನೀವು ಅದನ್ನೂ ಮೀರಿಸಿದ್ರಿ ಎಂದಳು. ಇಬ್ಬರೂ ನಕ್ಕರು. ನಗುತ್ತಲೂ ಗೆರೆಯಮ್ಮನ ಕಣ್ಣು ಹರಿಯುತ್ತಲೇ ಇತ್ತು, ಅವಳು ಒರೆಸಿಕೊಳ್ಳಲಿಲ್ಲ. ಅಳು ಬೇರೆ, ಕಾಯಿಲೆ ಬೇರೆ. ಕಾಯಿಲೆ ಹೋದದ್ದರಿಂದಲೇ ಅಳು ಬಂತು.

ಮಾತ್ರೆ ಇನ್ನೂ ನಡೆದಿದೆ. ಚೆನ್ನಾಗಿದ್ದೇನೆ ಎಂದು ನಿಲ್ಲಿಸಬಾರದು, ಅತ್ತೆ ದಾರಿ ಬಲ್ಲವಳು, ಬಾಗಿಲು ನೋಡಿಕೊಳ್ಳಬೇಕು ಎಂದು ಡಾಕ್ಟರಮ್ಮ ಹೇಳಿದ್ದಾಳೆ. ಅವಳ ಬಿಳಿ ಕೋಟು ಈಗ ಗೆರೆಯಮ್ಮನ ಅಂಗಡಿಗೇ ಬರುತ್ತದೆ. ಕೆಲವು ಬೆಳಿಗ್ಗೆ ಒಳಗಿನವಳು ಇನ್ನೂ ಕೇಳುತ್ತಾಳೆ, ಎದ್ದು ಏನು ಕಡಿದು ಕಟ್ಟೆ ಹಾಕ್ಬೇಕು ಎಂದು. ಹೂಂ ಅತ್ತೆ ಎಂದು ಗೆರೆಯಮ್ಮ ಎದ್ದು ಹೋಗುತ್ತಾಳೆ.

ಗೂಡಿಗೆ ಮರಳಿದ ಆ ದಿನ, ಸೊಸೆ ಎಡಗಡೆಗೆ ಬಂದು ನಿಂತ ಮೇಲೆ, ಅವಳು ಪೆಟ್ಟಿಗೆ ಎತ್ತಿ ಹಿಡಿದು, ಏನೂ ಹೇಳದೆ ಎಡಗಡೆ ನೋಡಿದಳು. ಸೊಸೆ ಬಟ್ಟಲಿಗೆ ಬೆರಳು ಅದ್ದಿದಳು. ಹೊಸ ಕೈ, ಅಳತೆ ತಿಳಿಯದು. ಶರ್ಟಿನ ತುಂಬ ನೀರಾಯಿತು.

"ಮಳೆ ಸಾಕು" ಎಂದಳು ಗೆರೆಯಮ್ಮ.